ತಂದೆಯಿಲ್ಲದ ರೋಹು ಮತ್ತು ತುಂಗಭದ್ರೆಯ ಮೀನು

ಅಪ್ಪ-ಅಮ್ಮ ಅನುಭವಿಸಿದ್ದೆಲ್ಲ ಮಕ್ಕಳ ಡಿಎನ್‌ಎಯಲ್ಲಿ ಅಚ್ಚೊತ್ತುತ್ತದೆ ಎಂಬ ಮಾತು ಈಗ ಭಾಷಣಗಳಲ್ಲಿ ಧಾರಾಳವಾಗಿ ಕೇಳಿಬರುತ್ತಿದೆ. ದಾವಣಗೆರೆಯ ಪ್ರಾಣಿಶಾಸ್ತ್ರದ ತರಗತಿಗಳಿಗೂ ಅದು ಕಾಲಿಟ್ಟಿದೆ. ಈ ಮಾತಿನಲ್ಲಿ ಎರಡು ವಿಷಯಗಳು ಕಲೆತುಹೋಗಿವೆ. ಡಿಎನ್‌ಎಗೆ ಮಿಥೈಲ್ ಗುರುತು ಅಂಟುವ ಮಿಥೈಲೀಕರಣ ಬೇರೆ, ಜೀನು ತಂದೆಯಿಂದ ಬಂತೋ ತಾಯಿಯಿಂದ ಬಂತೋ ಎಂಬುದರ ಮೇಲೆ ಅದರ ವರ್ತನೆ ಬದಲಾಗುವ ಇಂಪ್ರಿಂಟಿಂಗ್ ಬೇರೆ. ಎರಡನ್ನೂ ಬಿಡಿಸಿ ತೋರಿಸುವ ಪ್ರಾಣಿ ಮೀನು.

ಡಿಎನ್‌ಎಗೆ ಅಂಟಿದ ಮಿಥೈಲ್ ಗುರುತು ಕೋಶ ವಿಭಜನೆಯಾದರೂ ಉಳಿಯಬಲ್ಲದು ಎಂದು ವಿಜ್ಞಾನಿಗಳಾದ ರಿಗ್ಸ್ ಒಂದು ಕಡೆ, ಹಾಲಿಡೇ ಮತ್ತು ಪ್ಯೂ ಇನ್ನೊಂದು ಕಡೆ 1975ರಲ್ಲಿ ಸೂಚಿಸಿದರು. ಅದೇ ವರ್ಷ ಬೆಂಗಳೂರಿನ ಎಚ್. ಶರತ್‌ಚಂದ್ರ ಅವರು ಸ್ಪೆನ್ಸರ್ ಬ್ರೌನ್ ಜೊತೆ 'ನೇಚರ್' ಪತ್ರಿಕೆಯಲ್ಲಿ ವರ್ಣತಂತುಗಳ ಇಂಪ್ರಿಂಟಿಂಗ್ ಬಗ್ಗೆ ಬರೆದರು. ಇಂಪ್ರಿಂಟಿಂಗ್‌ಗೆ ಉದಾಹರಣೆ ಹಿಟ್ಟು ತಿಗಣೆ ಎಂಬ ಕೀಟ: ಅದರ ಗಂಡಿನ ಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ತಂದೆಯಿಂದ ಬಂದ ವರ್ಣತಂತುಗಳು ಮುದುಡಿ ಕಪ್ಪು ಗಂಟಾಗಿ ಕಾಣುತ್ತವೆ, ತಾಯಿಯವು ಬಿಡಿಬಿಡಿಯಾಗಿ ಹರಡಿರುತ್ತವೆ. ಕನ್ನಡ ನಾಡಿನ ವಿದ್ಯಾರ್ಥಿ ಮೊದಲು ಓದಬೇಕಾದದ್ದು 'ನೇಚರ್'ನ ಆ ಪ್ರಬಂಧ.

1984 ನಿರ್ಣಾಯಕ ವರ್ಷ. ಡಿಎನ್‌ಎಯ ಎರಡೂ ಪಾಲು ತಾಯಿಯಿಂದಲೇ ಬಂದ ಇಲಿಭ್ರೂಣ ಬದುಕುವುದಿಲ್ಲ ಎಂದು ಕೇಂಬ್ರಿಜ್‌ನಲ್ಲಿ ಅಜೀಮ್ ಸುರಾನಿ ತಂಡ, ಅಮೆರಿಕದಲ್ಲಿ ಮೆಕ್‌ಗ್ರಾತ್ ಮತ್ತು ಸೋಲ್ಟರ್ ತೋರಿಸಿದರು. ಅದೇ ವರ್ಷ ನಮ್ಮ ದೇಶದ ಜಾನ್, ರೆಡ್ಡಿ ಮತ್ತು ಗುಪ್ತ ಅವರು ರೋಹು, ಕಾಟ್ಲಾಗಳಲ್ಲಿ ತಾಯಿಯ ಡಿಎನ್‌ಎಯಿಂದಷ್ಟೇ ಮರಿ ಪಡೆದ ವರದಿ ಪ್ರಕಟಿಸಿದರು. ಕಿರಣಕ್ಕೊಡ್ಡಿ ಡಿಎನ್‌ಎ ಹಾಳುಮಾಡಿದ ವೀರ್ಯವನ್ನು ಮೊಟ್ಟೆಗೆ ಬೆರೆಸಿ, ಮೇಲೆ ತಾಪಮಾನದ ಆಘಾತ ಕೊಡುವುದು ಈ ವಿಧಾನ. ಇಲಿ ಸತ್ತಲ್ಲಿ ಮೀನು ಬದುಕಿತು, ಅಂದರೆ ಇಲಿ ಬದುಕಲು ಬೇಕಾದ ತಂದೆಯ ಇಂಪ್ರಿಂಟಿಂಗ್ ಮೀನಿಗೆ ಬೇಕಿಲ್ಲ. ಎರಡನ್ನೂ ಒಟ್ಟಿಗೆ ಓದಿದವರು ಕಡಿಮೆ. ಮೀನುಗಾರಿಕೆಯನ್ನು ಇಳುವರಿಯ ಲೆಕ್ಕವಾಗಿ ಮಾತ್ರ ನೋಡಿದ್ದರ ಫಲ ಇದು.

ಈ ವ್ಯತ್ಯಾಸಕ್ಕೆ ಜೀವವಿಜ್ಞಾನಿ ಡೇವಿಡ್ ಹೇಗ್ ಕೊಟ್ಟ ವಿವರಣೆ ಸರಿಹೊಂದುತ್ತದೆ. ಗರ್ಭದಲ್ಲಿ ಮಗು ತಾಯಿಯಿಂದ ಎಷ್ಟು ಪೋಷಣೆ ಎಳೆಯಬೇಕು ಎಂಬಲ್ಲಿ ತಂದೆಯ ಜೀನಿಗೂ ತಾಯಿಯ ಜೀನಿಗೂ ಜಗ್ಗಾಟವಿದೆ. ರೋಹುವಿನ ಮೊಟ್ಟೆಗೆ ಬುತ್ತಿ ಕಟ್ಟಿಯಾದ ಮೇಲೆ ಗಂಡು ಬರುತ್ತದೆ, ಜಗ್ಗಾಡಲು ಏನೂ ಉಳಿದಿರುವುದಿಲ್ಲ. ಮರಿ ಹಾಕುವ ಗಪ್ಪಿ, ಗಾಂಬೂಸಿಯಾಗಳ ಕುಟುಂಬದಲ್ಲಿ, ಜರಾಯುವಿರುವ ಜಾತಿಗಳ ಐಜಿಎಫ್2 ಎಂಬ ಬೆಳವಣಿಗೆಯ ಜೀನು ವೇಗವಾಗಿ ಬದಲಾಗಿರುವುದು 2007ರಲ್ಲಿ ಕಂಡಿತು. ಆದರೆ ಪರೀಕ್ಷಿಸಿದ ಕಡೆ ಆ ಜೀನಿನಲ್ಲಿ ಇಂಪ್ರಿಂಟಿಂಗ್ ಸಿಕ್ಕಿಲ್ಲ.

ಹಾಗೆಂದು ಮೀನಿಗೆ ನೆನಪಿಲ್ಲವೆಂದಲ್ಲ. ಜೀಬ್ರಾ ಮೀನಿನ ಭ್ರೂಣ ವೀರ್ಯದ ಮಿಥೈಲ್ ವಿನ್ಯಾಸವನ್ನು ಉಳಿಸಿಕೊಂಡು, ತಾಯಿಯದನ್ನೂ ಅದಕ್ಕೆ ಹೊಂದಿಸುತ್ತದೆ ಎಂದು 2013ರಲ್ಲಿ ಎರಡು ತಂಡಗಳು ತೋರಿಸಿದವು. ಮೆಡಾಕಾ ಮೀನು ಇಲಿಯಂತೆ ಬಹುಪಾಲು ಅಳಿಸಿ ಹೊಸದಾಗಿ ಬರೆಯುತ್ತದೆ. ಮೀನೆಂದರೆ ಹೀಗೇ ಎಂದು ಹೇಳಲಾಗದು. ಬಿಸಿನೀರಿನಲ್ಲಿ ಬೆಳೆದ ಯುರೋಪಿನ ಸೀಬಾಸ್ ಮೀನಿನಲ್ಲಿ ಹೆಣ್ಣು ಹಾರ್ಮೋನು ತಯಾರಿಸುವ ಅರೋಮಟೇಸ್ ಕಿಣ್ವದ ಜೀನಿನ ಮಿಥೈಲೀಕರಣ ಏರಿ ಗಂಡುಗಳು ಹೆಚ್ಚಾದವು (2011). ಚೀನಾದ ನಾಲಿಗೆ ಮೀನಿನಲ್ಲಿ ಶಾಖದಿಂದ ಗಂಡಾದ ಹೆಣ್ಣಿನ ಮಿಥೈಲ್ ಗುರುತು ಮರಿಗೂ ದಾಟಿತು (2014). ನನಗೆ ಮುಖ್ಯವೆನಿಸುವ ಕೆಲಸ ಈ ಎರಡು.

ಶಾಖವಷ್ಟೇ ಅಲ್ಲ, ನೀರಿನ ಮಾಲಿನ್ಯವೂ ಮೀನಿನ ಲಿಂಗಲಕ್ಷಣ ಕದಲಿಸಬಲ್ಲದು. ಫ್ಲಾರಿಡಾದಲ್ಲಿ ಮರದ ತಿರುಳಿನ ಕಾರ್ಖಾನೆಯ ತ್ಯಾಜ್ಯ ಸೇರುವ ತೊರೆಯ ಹೆಣ್ಣು ಗಾಂಬೂಸಿಯಾಗಳಲ್ಲಿ ಗಂಡಿನ ಲಕ್ಷಣ ಕಂಡದ್ದು 1980ರಲ್ಲಿ ವರದಿಯಾಯಿತು. ದಾವಣಗೆರೆ ಬಳಿ ತುಂಗಭದ್ರೆಯ ದಡದಲ್ಲಿರುವ ಹರಿಹರದ ಎದುರು ದಡದ ಕುಮಾರಪಟ್ಟಣಂನಲ್ಲೂ ತಿರುಳಿನ ಕಾರ್ಖಾನೆ ಇದೆ. ತುಂಗಭದ್ರೆಯ ಮಾಲಿನ್ಯದ ವಿರುದ್ಧ 1980ರ ದಶಕದಲ್ಲಿ ಹೋರಾಟವೂ ನಡೆದಿದೆ. ಕಾರ್ಖಾನೆಗಿಂತ ನದಿಯ ಮೇಲ್ಭಾಗದ ಮೀನನ್ನೂ ಕೆಳಭಾಗದ ಮೀನನ್ನೂ ಹಿಡಿದು ಅರೋಮಟೇಸ್ ಜೀನಿನ ಮಿಥೈಲೀಕರಣ ಅಳೆಯುವ ಕೆಲಸವನ್ನು ದಾವಣಗೆರೆಯ ಸ್ನಾತಕೋತ್ತರ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕು. ಮಾರ್ಗದರ್ಶಕರು ಅದಕ್ಕೆ ಒಪ್ಪಬೇಕು.