ಸೆರೆಯೂ ಚಿಕಿತ್ಸೆಯೂ

ಕಾವೇರಿಯನ್ನು ದಾಟಿ ದುಬಾರೆಯ ಆನೆಶಿಬಿರಕ್ಕೆ ಹೋದವರು ಅಲ್ಲಿ ದಪ್ಪ ಮರದ ದಿಮ್ಮಿಗಳ ದೊಡ್ಡಿಯನ್ನು ಕಂಡಿರಬಹುದು. ಅದಕ್ಕೆ ಕ್ರಾಲ್ ಎಂದು ಹೆಸರು. ಕಾಡಿನಿಂದ ಹಿಡಿದು ತಂದ ಆನೆಯನ್ನು ಮೊದಲು ಕೂಡುವುದು ಅದರೊಳಗೆ. ಆದರೆ ಆನೆಯನ್ನು ಪಳಗಿಸುವುದು ದಿಮ್ಮಿಯಲ್ಲ. ದಿನವೂ ಎದುರು ನಿಂತು ಕಬ್ಬು ಬೆಲ್ಲಗಳನ್ನಿತ್ತು ಮಾತನಾಡಿಸುವ ಮಾವುತ, ಕಾವಾಡಿಗಳು. ಮದ, ಮಾದಕ ಎಂಬೆರಡು ಶಬ್ದಗಳೂ ಒಂದೇ ಧಾತುವಿನವು ಎಂಬುದು ನನ್ನಂಥ ಪಂಡಿತನಿಗೆ ಅಲ್ಲಿ ಥಟ್ಟನೆ ಹೊಳೆಯಿತು. ಮನುಷ್ಯನೇನೂ ಆನೆಯಲ್ಲ, ನಿಜ. ಆದರೂ ಮಾದಕವ್ಯಸನಿಯಾದ ಕೈದಿಗೆ ದಿಮ್ಮಿಯೊಂದೇ ಸಾಕೆಂದು ಜಗತ್ತು ಬಹುಕಾಲ ನಂಬಿತ್ತು.

1935ರಲ್ಲಿ ಅಮೆರಿಕದ ಲೆಕ್ಸಿಂಗ್ಟನ್ನಿನಲ್ಲಿ ಇಂಥವರಿಗಾಗಿಯೇ ಒಂದು ಸಂಸ್ಥೆ ತೆರೆಯಿತು. ಸೆರೆಮನೆ, ಆಸ್ಪತ್ರೆ, ಹೊಲ ಮೂರೂ ಅಲ್ಲಿ ಒಂದೇ. ಶುದ್ಧ ಗಾಳಿ, ಬೇಸಾಯದ ದುಡಿಮೆ ರೋಗವನ್ನು ಬಿಡಿಸುವುವೆಂದು ಆಶಿಸಿದರು. ಹೊರಬಂದವರಲ್ಲಿ ಬಹುಮಂದಿ ಮತ್ತೆ ಹಳೆಯ ಚಟಕ್ಕೇ ಬಿದ್ದರು. 1960ರ ದಶಕದಲ್ಲಿ ನ್ಯೂಯಾರ್ಕಿನ ವೈದ್ಯರಾದ ಡೋಲ್ ಮತ್ತು ನೈಸ್ವಾಂಡರ್ ಮೆಥಡೋನ್ ಔಷಧವನ್ನು ನಿತ್ಯವೂ ಕೊಡುವ ಕ್ರಮವನ್ನು ತೋರಿಸಿದ ಮೇಲೆ ಈ ಚಟವೂ ದೀರ್ಘಕಾಲದ ಒಂದು ಕಾಯಿಲೆ ಎಂಬ ತಿಳಿವಳಿಕೆ ಬೆಳೆಯಿತು.

ನಮ್ಮ ದೇಶದ 1985ರ ಮಾದಕದ್ರವ್ಯ ಕಾನೂನಿನ 39ನೆಯ ಕಲಮಿನಲ್ಲಿ, ಅಲ್ಪ ಪ್ರಮಾಣದ ಪ್ರಕರಣದ ವ್ಯಸನಿಯನ್ನು ಸೆರೆಗೆ ಬದಲಾಗಿ ಚಿಕಿತ್ಸೆಗೆ ಕಳುಹಿಸುವ ಅವಕಾಶ ಉಂಟು. 2008ರಲ್ಲಿ ದೆಹಲಿಯ ತಿಹಾರ್ ಸೆರೆಮನೆಯೊಳಗೇ, ಅಫೀಮಿನ ಜಾತಿಯ ವ್ಯಸನಿಗಳಿಗೆ ಬ್ಯುಪ್ರೆನಾರ್ಫಿನ್ ಎಂಬ ಔಷಧದ ಚಿಕಿತ್ಸೆ ಆರಂಭವಾಯಿತು.

ಇನ್ನು ನಮ್ಮ ಬೆಂಗಳೂರು. ಅಲ್ಲಿಯ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ವೈದ್ಯರು 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಹೊರತಂದರು. 4,002 ಮಂದಿಗೆ ಮನೋರೋಗವೋ ವ್ಯಸನವೋ ಒಂದಲ್ಲ ಒಂದು ಇತ್ತು. ವ್ಯಸನವನ್ನು ಬಿಟ್ಟು ಎಣಿಸಿದರೆ 1,389. ಕಳೆದು ನೋಡಿ: 2,613 ಮಂದಿಗಿದ್ದುದು ವ್ಯಸನ ಮಾತ್ರ. ಒಂದು ಊರಿನಷ್ಟು ಜನ!

ವಾಚಕರೇ, ಅಪಾಯ ಹೆಚ್ಚುವುದು ಬಾಗಿಲು ತೆರೆದ ದಿನ. ಒಳಗೆ ಚಟ ನಿಂತಾಗ ದೇಹದ ಸಹನಶಕ್ತಿ ಇಳಿದಿರುತ್ತದೆ. ಹೊರಬಂದವನು ಹಳೆಯ ಅಳತೆಯಲ್ಲೇ ಸೇವಿಸಿದರೆ ಉಸಿರು ನಿಲ್ಲುತ್ತದೆ. ಅಮೆರಿಕದ ವಾಷಿಂಗ್ಟನ್ ಸಂಸ್ಥಾನದಲ್ಲಿ ಬಿಡುಗಡೆಯಾದ 30,237 ಜನರನ್ನು ಕುರಿತ 2007ರ ಅಧ್ಯಯನದಂತೆ, ಮೊದಲ ಎರಡು ವಾರ ಮಿತಿಮೀರಿದ ಸೇವನೆಯಿಂದ ಸಾಯುವ ಸಂಭವ ಇತರರಿಗಿಂತ 129 ಪಟ್ಟು. ಅದೇ ದೇಶದ ರೋಡ್ ಐಲೆಂಡಿನಲ್ಲಿ 2016ರಿಂದ ಒಳಗೇ ಔಷಧ ಆರಂಭಿಸಿ ಹೊರಗೂ ಮುಂದುವರಿಸಿದರು. ಈಚೆಗೆ ಸೆರೆಯಿಂದ ಬಿಡುಗಡೆಯಾದವರಲ್ಲಿ ಇಂಥ ಸಾವುಗಳು 2016ರ ಮೊದಲ ಆರು ತಿಂಗಳಲ್ಲಿ 26 ಇದ್ದವು; ಮರುವರ್ಷದ ಅದೇ ಅವಧಿಯಲ್ಲಿ 9.