ಅಂಗಡಿಯೂ ಅಂತರ್ಜಾಲವೂ

ರಾಜ್ಯಗಳ ಏಳುಬೀಳನ್ನು ಓದಿ ಬೆರಗಾಗುವ ನಾವು, ವರ್ತಕರ ಏಳುಬೀಳನ್ನು ಚರಿತ್ರೆಯೆಂದು ಎಣಿಸುವುದು ಕಡಮೆ. ಆದರೆ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಹುಟ್ಟಿದ ಎರಡು ಕಂಪ್ಯೂಟರ್ ಸಂಸ್ಥೆಗಳ ಪೈಪೋಟಿಯನ್ನು ಓದಿದಾಗ, ಗೆಲ್ಲಿಸಿದ ಬಲವೇ ಮುಂದೆ ಬಂಧನವಾಗುವ ಬಗೆ ಅಲ್ಲಿಯೂ ಉಂಟೆಂದು ನನಗೆ ತೋರುತ್ತದೆ.

ಮೊದಲನೆಯದು ಕಾಂಪ್ಯಾಕ್. 1982ರಲ್ಲಿ ರಾಡ್ ಕ್ಯಾನಿಯನ್, ಜಿಮ್ ಹ್ಯಾರಿಸ್, ಬಿಲ್ ಮುರ್ಟೊ ಎಂಬ ಮೂವರು ಇದನ್ನು ಹ್ಯೂಸ್ಟನ್ ನಗರದಲ್ಲಿ ಕಟ್ಟಿದರು. ಐಬಿಎಂ ಕಂಪ್ಯೂಟರಿಗೆಂದು ಬರೆದ ಸಾಫ್ಟ್‌ವೇರ್ ನಡೆಯುವ, ಹೊತ್ತೊಯ್ಯಬಹುದಾದ ಯಂತ್ರ ಅವರದು. ತಾವೇ ಮಾರದೆ ಅಂಗಡಿಕಾರರ ಮೂಲಕ ಮಾರುವುದು ಅವರ ನೀತಿ. ಅಂಗಡಿಕಾರರೂ ಕೈಬಿಡಲಿಲ್ಲ. 1983ರ ಮಾರಾಟವೇ 11 ಕೋಟಿ 10 ಲಕ್ಷ ಡಾಲರು! 1994ರಲ್ಲಿ ಕಾಂಪ್ಯಾಕ್ ಐಬಿಎಂ ಸಂಸ್ಥೆಯನ್ನೂ ಹಿಂದೆ ಹಾಕಿ ಪಿಸಿ ಮಾರಾಟದಲ್ಲಿ ಜಗತ್ತಿಗೇ ಮೊದಲಾಯಿತು.

ಎರಡನೆಯದು ಡೆಲ್. 1984ರಲ್ಲಿ ಆಸ್ಟಿನ್ ನಗರದ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಮೈಕೆಲ್ ಡೆಲ್ 1,000 ಡಾಲರು ಬಂಡವಾಳದಿಂದ ಆರಂಭಿಸಿದ ವ್ಯಾಪಾರ. ಗಿರಾಕಿ ದೂರವಾಣಿಯಲ್ಲಿ ಕೇಳಿದ ಬಳಿಕ ಯಂತ್ರವನ್ನು ಜೋಡಿಸಿ ಮನೆಗೆ ಕಳುಹಿಸುವುದು ಇವನ ಕ್ರಮ. 1996ರಲ್ಲಿ ಈ ಮಾರಾಟವನ್ನೇ ಅಂತರ್ಜಾಲಕ್ಕೆ ತಂದ. 1997ರ ಆರಂಭಕ್ಕೆ ಅಲ್ಲಿಯ ವಹಿವಾಟು ದಿನಕ್ಕೆ 10 ಲಕ್ಷ ಡಾಲರು ಮುಟ್ಟಿತು. ಕಂಪ್ಯೂಟರಿನ ಬಿಡಿಭಾಗಗಳ ಬೆಲೆ ದಿನದಿನಕ್ಕೆ ಇಳಿಯುವಂಥದು. ಅಂಗಡಿಯಲ್ಲಿ ವಾರಗಟ್ಟಲೆ ಕುಳಿತ ಯಂತ್ರ, ಸಂತೆಯ ಸೊಪ್ಪಿನಂತೆ ಬಾಡುತ್ತದೆ. ಡೆಲ್ ದಾಸ್ತಾನು ಇಡುತ್ತಿದ್ದುದು ಕೆಲವೇ ದಿನಗಳಿಗೆ. ಗಿರಾಕಿಯ ಹಣ ಮೊದಲು ಬರುತ್ತಿತ್ತು. ಬಿಡಿಭಾಗ ಕೊಟ್ಟವನಿಗೆ ಆಮೇಲೆ ಸಂದಾಯ.

ಕಾಂಪ್ಯಾಕ್ ಇದನ್ನು ಕಾಣದೆ ಇರಲಿಲ್ಲ. ಕಂಡರೂ ನಡೆಯುವುದು ಸುಲಭವೆ? ನೇರವಾಗಿ ಮಾರಿದರೆ ತನ್ನನ್ನು ಬೆಳೆಸಿದ ಅಂಗಡಿಕಾರರ ಅನ್ನಕ್ಕೆ ಕೈಹಾಕಿದಂತೆ. ಮಾರದಿದ್ದರೆ ಗಿರಾಕಿ ಡೆಲ್ ಪಾಲು. 1998ರಲ್ಲಿ ಸುಮಾರು 960 ಕೋಟಿ ಡಾಲರಿಗೆ ಡಿಜಿಟಲ್ ಸಂಸ್ಥೆಯನ್ನು ಕೊಂಡು ಹೊರೆಯನ್ನೂ ಹೆಚ್ಚಿಸಿಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ಸಣ್ಣ ಉದ್ಯಮಗಳಿಗಾಗಿ ಪ್ರೊಸಿಗ್ನಿಯಾ ಎಂಬ ಯಂತ್ರಗಳನ್ನು ಅಂತರ್ಜಾಲದಲ್ಲಿ ನೇರ ಮಾರತೊಡಗಿತು. ಅಂಗಡಿಕಾರರು ಮುನಿದರು, ಡೆಲ್ ಬೆಲೆಯೂ ಎಟುಕಲಿಲ್ಲ. 1999ರ ಏಪ್ರಿಲಿನಲ್ಲಿ ಮುಖ್ಯಸ್ಥ ಎಕಾರ್ಡ್ ಫೈಫರ್ ಅಧಿಕಾರ ಬಿಡಬೇಕಾಯಿತು. 2001ರಲ್ಲಿ ಪ್ರಥಮ ಸ್ಥಾನ ಡೆಲ್ ಸಂಸ್ಥೆಗೆ ಹೋಯಿತು. 2002ರ ಮೇ ತಿಂಗಳಲ್ಲಿ ಕಾಂಪ್ಯಾಕ್ ಎಚ್‌ಪಿ ಸಂಸ್ಥೆಯಲ್ಲಿ ಲೀನವಾಯಿತು.

ಹಾಗಾದರೆ ಅಂಗಡಿಯ ಕಾಲ ಮುಗಿಯಿತೆ? ಇಲ್ಲ. ಮನೆಯ ಬಳಕೆಗೆ ಲ್ಯಾಪ್‌ಟಾಪ್ ಕೊಳ್ಳುವವರು ಹೆಚ್ಚಿದಂತೆ, ಕಣ್ಣಾರೆ ನೋಡಿ, ಮುಟ್ಟಿ ಕೊಳ್ಳುವ ಆಸೆಯೂ ಹೆಚ್ಚಿತು. 2006ರಲ್ಲಿ ಎಚ್‌ಪಿ ಮತ್ತೆ ಮುಂದಾಯಿತು. 2007ರಲ್ಲಿ ಡೆಲ್ ತಾನೇ ವಾಲ್‌ಮಾರ್ಟ್ ಅಂಗಡಿಗಳಲ್ಲಿ ಯಂತ್ರಗಳನ್ನು ಇಟ್ಟಿತು!

ಕಾಂಪ್ಯಾಕಿನವರನ್ನು ಮಂದಮತಿಗಳೆಂದು ಜರೆಯಲು ನನಗೆ ಮನಸ್ಸಿಲ್ಲ. ಡೆಲ್ ಹೊಸ ಹಾದಿ ಹಿಡಿದಾಗ ಅವನು ನೋಯಿಸಬೇಕಾದವರು ಯಾರೂ ಇರಲಿಲ್ಲ. ಕಾಂಪ್ಯಾಕಿಗೆ ಹಳೆಯ ಋಣವಿತ್ತು. ಆ ಋಣವನ್ನು ಪೂರ್ತಿ ಸಲ್ಲಿಸಲೂ ಇಲ್ಲ, ಪೂರ್ತಿ ಹರಿದುಕೊಳ್ಳಲೂ ಇಲ್ಲ. ಅದು ಕೆಟ್ಟದ್ದು ಆ ಅರೆಮನಸ್ಸಿನಿಂದ.