ಅಂಗಾಲಿನ ಗಾಯಕ್ಕೆ ಚರ್ಮದ ಹೊದಿಕೆ: ಒಂದು ಪರೀಕ್ಷೆಯ ಚರಿತ್ರೆ

ವಿದ್ಯಾಗಿರಿಯ ಬೇಸಿಗೆಯಲ್ಲಿ ಮಧ್ಯಾಹ್ನದ ನೆಲ ಅಂಗಾಲನ್ನು ಸುಡುತ್ತದೆ. ಆರೋಗ್ಯವಂತರು ತಟ್ಟನೆ ಕಾಲೆತ್ತುತ್ತಾರೆ. ಆದರೆ ಹಲವು ವರ್ಷಗಳ ಮಧುಮೇಹದಿಂದ ನರಗಳು ಮರಗಟ್ಟಿದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ. ಬೊಬ್ಬೆ ಒಡೆದು ಹುಣ್ಣಾಗುತ್ತದೆ; ನೋವಿಲ್ಲವಾದ್ದರಿಂದ ಅದರ ಮೇಲೆಯೇ ನಡೆದಾಡುತ್ತಾರೆ. ಕೊನೆಗೆ ಬೆರಳನ್ನೋ ಪಾದವನ್ನೋ ಕಳೆದುಕೊಂಡ ಹಿರಿಯರು ನಮ್ಮ ಕುಟುಂಬಗಳಲ್ಲಿ ಅಪರೂಪವಲ್ಲ. ಇಂತಹ ಗಾಯವನ್ನು ಹೊಸ ಚರ್ಮದಿಂದ ಮುಚ್ಚಲು ಸಾಧ್ಯವೇ?

1869ರಲ್ಲಿ ಪ್ಯಾರಿಸ್‌ನಲ್ಲಿ ರೆವರ್ಡಿನ್ ಎಂಬ ಶಸ್ತ್ರವೈದ್ಯರು ಚರ್ಮದ ಪುಟ್ಟ ಚೂರುಗಳನ್ನು ತೆರೆದ ಗಾಯದ ಮೇಲಿರಿಸಿ, ಅವು ಅಲ್ಲಿ ಬೇರೂರಿ ಹರಡುವುದನ್ನು ತೋರಿಸಿದರು. ಆದರೆ ರೋಗಿಯ ದೇಹದಿಂದಲೇ ಚರ್ಮ ತೆಗೆದರೆ ಮತ್ತೊಂದು ಗಾಯವಾಗುತ್ತದೆ. ಮಧುಮೇಹಿಗೆ ಅದೂ ಕಷ್ಟವೇ. 1975ರಲ್ಲಿ ಅಮೆರಿಕದ ರೈನ್‌ವಾಲ್ಡ್ ಮತ್ತು ಹೊವಾರ್ಡ್ ಗ್ರೀನ್ ಮಾನವ ಚರ್ಮದ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವ ವಿಧಾನ ಕಂಡುಕೊಂಡರು.

ಮುಂದೆ ‘ಆಪ್ಲಿಗ್ರಾಫ್’ ಎಂಬ ಜೀವಂತ ಹೊದಿಕೆ ಸಿದ್ಧವಾಯಿತು. ಅದರ ಜೀವಕೋಶಗಳ ಮೂಲ ನವಜಾತ ಗಂಡುಮಕ್ಕಳ ಖತ್ನಾದಲ್ಲಿ ತೆಗೆದ ಚರ್ಮ. ನಾವು ಮಣ್ಣಿಗೆ ಸೇರಿಸುವ ಆ ತುಣುಕೊಂದರಿಂದ ಸಾವಿರಾರು ಹೊದಿಕೆಗಳಿಗಾಗುವಷ್ಟು ಜೀವಕೋಶಗಳನ್ನು ಬೆಳೆಸಬಹುದು!

ಹೊಸದೆಲ್ಲವೂ ಉತ್ತಮವೆಂದು ನಂಬುವಂತಿಲ್ಲ, ಪರೀಕ್ಷಿಸಬೇಕು. 24 ಕೇಂದ್ರಗಳಲ್ಲಿ 208 ಮಧುಮೇಹಿಗಳನ್ನು ಎರಡು ಗುಂಪು ಮಾಡಲಾಯಿತು. ಎರಡೂ ಗುಂಪುಗಳಲ್ಲಿ ಸತ್ತ ಮಾಂಸವನ್ನು ತೆಗೆದು, ಪಾದದ ಮೇಲಿನ ಭಾರವನ್ನು ಇಳಿಸಲಾಯಿತು. ಒಂದು ಗುಂಪಿಗೆ ಹೊದಿಕೆ, ಇನ್ನೊಂದಕ್ಕೆ ಒದ್ದೆ ಗಾಜ್ ಪಟ್ಟಿ. 12 ವಾರಗಳಲ್ಲಿ ಮೊದಲ ಗುಂಪಿನ ಶೇ. 56 ಮಂದಿ, ಎರಡನೆಯದರ ಶೇ. 38 ಮಂದಿ ಗುಣವಾದರು. 2001ರಲ್ಲಿ ಪ್ರಕಟವಾದ ಈ ಫಲಿತಾಂಶ ಹೊದಿಕೆಯ ಪ್ರಯೋಜನವನ್ನು ಸಾಬೀತುಪಡಿಸಿತು. ಆದರೆ ಸೋಂಕು ತಗುಲಿದ ಗಾಯಗಳನ್ನು ಅದರಲ್ಲಿ ಸೇರಿಸಿರಲಿಲ್ಲ. ಹೊದಿಕೆ ಪಡೆದವರಲ್ಲೂ ನೂರಕ್ಕೆ 44 ಮಂದಿಯ ಗಾಯ ಆ ಅವಧಿಯಲ್ಲಿ ಮಾಯಲಿಲ್ಲ.

ಅದೇ 2001ರಲ್ಲಿ ಇನ್ನೊಂದು ಸಣ್ಣ ಪರೀಕ್ಷೆ ಹೊರಬಂತು. ಪಾದಕ್ಕೆ ಒತ್ತಿ ಕೂರುವಂತೆ ಸುಣ್ಣದ ಪಟ್ಟು ಹಾಕಿಸಿಕೊಂಡವರಲ್ಲಿ 12 ವಾರಗಳೊಳಗೆ ಸುಮಾರು ಶೇ. 90 ಮಂದಿಯ ಹುಣ್ಣು ಮಾಯಿತು. ರೋಗಿಗಳು ಬೇರೆಯಾದ್ದರಿಂದ ಎರಡನ್ನೂ ನೇರವಾಗಿ ಹೋಲಿಸಲಾಗದು. ಆದರೂ ಪಾಠ ಸ್ಪಷ್ಟ: ಭಾರ ಇಳಿಯದಿದ್ದರೆ ಬೆಲೆಬಾಳುವ ಹೊದಿಕೆಯೂ ನಿಲ್ಲದು. ಈ ಪಟ್ಟಿನ ಚರಿತ್ರೆ ನಮ್ಮ ನೆರೆಯಲ್ಲೇ ಇದೆ. 1946ರಲ್ಲಿ ವೆಲ್ಲೂರಿಗೆ ಬಂದ ಡಾ. ಪಾಲ್ ಬ್ರಾಂಡ್, ಕುಷ್ಠರೋಗಿಗಳ ಪಾದ ತಾನಾಗಿ ಕೊಳೆಯುವುದಿಲ್ಲ, ನೋವರಿಯದೆ ನಡೆಯುವುದರಿಂದ ಹಾಳಾಗುತ್ತದೆ ಎಂದು ಕಂಡುಕೊಂಡು ಪಟ್ಟಿನಿಂದ ಗುಣಪಡಿಸಿದರು. ಅದೇ ಅರಿವು ಅವರೊಡನೆ ಅಮೆರಿಕಕ್ಕೆ ಹೋಗಿ ಮಧುಮೇಹಿಗಳಿಗೆ ಆಸರೆಯಾಯಿತು.

ಇಂದು ಮೀನಿನ ಚರ್ಮದ ಹೊದಿಕೆಗಳಿವೆ, ಹಂದಿಯ ಕರುಳಿನವೂ ಇವೆ. ಯಾವುದರಿಂದ ಮಾಡಿದ್ದೆಂದು ವೈದ್ಯರನ್ನು ಕೇಳುವುದು ರೋಗಿಯ ಹಕ್ಕು. ಸಂಶಯವಿದ್ದರೆ ಬಲ್ಲ ಉಲಮಾಗಳನ್ನು ವಿಚಾರಿಸೋಣ. ಆದರೆ ಚಿಕಿತ್ಸೆಯನ್ನು ಮುಂದೂಡದಿರೋಣ.

ದಿನಕ್ಕೆ ಐದು ಹೊತ್ತು ವುಝೂಗಾಗಿ ನಾವು ಪಾದ ತೊಳೆಯುತ್ತೇವೆ. ಆಗ ಅಂಗಾಲನ್ನೊಮ್ಮೆ ತಿರುಗಿಸಿ ನೋಡೋಣ, ಬೆರಳ ಸಂದುಗಳನ್ನು ಒರೆಸೋಣ. ಕಣ್ಣು ಮಂಜಾದ ತಂದೆತಾಯಿಯರ ಪಾದವನ್ನು ಮಕ್ಕಳು ನೋಡಲಿ. ಸಣ್ಣ ಗಾಯ ಕಂಡ ದಿನವೇ ವೈದ್ಯರ ಬಳಿಗೆ ಕರೆದೊಯ್ಯಲಿ. ದೇಹವು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಪಾದವೂ ಅದರಲ್ಲಿ ಸೇರಿದೆ.